ದಂಡಿನ ಹಳೆಯ ಟ್ರಕ್ಕನ್ನು ಮನೆಗೆ ತರುವ ಮುನ್ನ

ಗೃಹಸ್ಥರ ವಿಚಾರ

ಸರಕಾರವು ತನಗೆ ಬೇಡವೆಂದು ಮಾರುವ ಸಾಮಾನು ಅಗ್ಗವಾಗಿ ದೊರೆಯುವದೆಂಬ ನಂಬಿಗೆಯು ನಮ್ಮ ಜನರಲ್ಲಿ ಬಹು ಕಾಲದಿಂದಲೂ ಇರುವದು. ಈ ನಂಬಿಗೆಯು ಪೂರ್ತಿ ಸುಳ್ಳೆಂದು ಹೇಳಲಾಗದು. ಆದರೆ ಸಾಮಾನನ್ನು ಕೊಳ್ಳುವದು ಒಂದು ಮಾತು, ಕೊಂಡದ್ದನ್ನು ಕಾಯದೆಗೆ ಒಪ್ಪುವಂತೆ ಉಪಯೋಗಿಸುವದು ಇನ್ನೊಂದು ಮಾತು. ಮೇಜು ಕುರ್ಚಿಗಳ ವಿಷಯದಲ್ಲಿ ಈ ಎರಡು ಮಾತುಗಳ ನಡುವೆ ಅಂತರವಿಲ್ಲ. ಮೋಟಾರು ವಾಹನದ ವಿಷಯದಲ್ಲಿಯಾದರೋ ಆ ಅಂತರವು ಒಂದು ಮನೆತನವನ್ನೇ ಮುಳುಗಿಸುವಷ್ಟು ದೊಡ್ಡದು.

ಗದಗ ತಾಲೂಕಿನ ಕುರ್ತಕೋಟಿಯ ಗೃಹಸ್ಥರೊಬ್ಬರು ಈ ವಿಷಯವಾಗಿ ನಮಗೆ ಪತ್ರ ಬರೆದಿರುವರು. ಅವರ ತಮ್ಮಂದಿರು ಸೈನ್ಯದ ಇಎಂಇ ದಳದಲ್ಲಿ, ಎಂದರೆ ದಂಡಿನ ಯಂತ್ರಗಳನ್ನೂ ವಾಹನಗಳನ್ನೂ ದುರಸ್ತಿ ಮಾಡುವ ದಳದಲ್ಲಿ, ಸೇವೆ ಮುಗಿಸಿ ಊರಿಗೆ ಮರಳಿರುವರು. ನಿವೃತ್ತಿಯ ಕಾಲಕ್ಕೆ ಕೈಸೇರಿದ ಹಣದಲ್ಲಿ ಒಂದು ಪಾಲನ್ನು ಹಾಕಿ, ದಂಡಿನಿಂದ ಹೊರಬಿದ್ದ ಹಳೆಯ ಟ್ರಕ್ಕೊಂದನ್ನು ವ್ಯಾಪಾರಿಯಿಂದ ಕೊಂಡು, ತಾವೇ ದುರಸ್ತಿ ಮಾಡಿ, ಹೊಲದ ಮಾಲನ್ನು ಗದಗಿನ ಪೇಟೆಗೆ ಸಾಗಿಸಬೇಕೆಂಬದು ಅವರ ಮನಸ್ಸು. ಕಡಿಮೆ ಬಿದ್ದ ಹಣಕ್ಕೆ ಮನೆಯ ಬಂಗಾರವನ್ನು ಒತ್ತೆಯಿಡುವ ಮಾತೂ ಹೊರಟಿರುವದು. ತಮ್ಮನು ಕೈಕೆಲಸದಲ್ಲಿ ನಿಪುಣನು, ಆತನ ಉತ್ಸಾಹವನ್ನು ಮುರಿಯಲು ಮನಸ್ಸಿಲ್ಲ, ಒಪ್ಪಿಗೆ ಕೊಡಲು ಧೈರ್ಯವೂ ಸಾಲದು, ಏನು ಮಾಡಬೇಕು? ಇದು ಅಣ್ಣನವರ ಪ್ರಶ್ನೆ. ಇಂಥ ಪ್ರಶ್ನೆಯು ಬೇರೆ ಮನೆಗಳಲ್ಲಿಯೂ ಏಳತಕ್ಕದ್ದಾದ್ದರಿಂದ ಉತ್ತರವನ್ನು ಇಲ್ಲಿಯೇ ವಿಸ್ತಾರವಾಗಿ ಬರೆಯುವೆವು.

ಮೊದಲು ಆ ತಮ್ಮನವರ ಪಕ್ಷವನ್ನು ನೋಡುವಾ. ಕುರ್ತಕೋಟಿ, ಹುಲಕೋಟಿಗಳ ಸುತ್ತಿನ ಎರೆಭೂಮಿಯನ್ನು ಬಲ್ಲವರಿಗೆ ಅವರ ಆಸೆಯು ವಿಚಿತ್ರವಾಗಿ ತೋರದು. ಬೇಸಿಗೆಯಲ್ಲಿ ಕಲ್ಲಿನಂತೆ ಬಿರಿಯುವ ಆ ನೆಲವು ಎರಡು ಮಳೆ ಬಿದ್ದೊಡನೆ ಗಾಲಿಗೆ ಅಂಟಿಕೊಂಡು ಚಕ್ಕಡಿಯನ್ನೂ ಬಿಡುವದಿಲ್ಲ. ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಹೆಸರು ಇವು ಹೊಲದಲ್ಲಿ ಸಿದ್ಧವಾಗಿದ್ದರೂ ದಾರಿ ಒಣಗುವತನಕ ಕಾಯಬೇಕು. ಅಷ್ಟರಲ್ಲಿ ಪೇಟೆಯ ಧಾರಣೆ ಇಳಿದಿರುವದು. ಸಾಮಾನ್ಯ ಟ್ರಕ್ಕಿನಲ್ಲಿ ಇಂಜಿನಿನ ಬಲವು ಹಿಂದಿನ ಗಾಲಿಗಳಿಗಷ್ಟೇ ಮುಟ್ಟುವದು. ದಂಡಿನ ಟ್ರಕ್ಕಿನಲ್ಲಿ ಅದು ಮುಂದಿನ ಗಾಲಿಗಳಿಗೂ ಮುಟ್ಟುವಂತೆ ಏರ್ಪಾಡಿರುವದರಿಂದ ಅದು ಕೆಸರಿನಲ್ಲಿಯೂ ದಾರಿ ಮಾಡಿಕೊಳ್ಳುವದು. ಮೇಲಾಗಿ, ಗದಗು ಟ್ರಕ್ಕಿನ ಉದ್ಯೋಗಕ್ಕೆ ಹೊಸ ಊರಲ್ಲ. ಇಂದು ದೇಶದಲ್ಲೆಲ್ಲ ಹೆಸರಾಗಿರುವ ಸಾಗಾಟದ ಸಂಸ್ಥೆಯನ್ನು ಶ್ರೀ ವಿಜಯ ಸಂಕೇಶ್ವರರು ೧೯೭೬ರಲ್ಲಿ ಇಲ್ಲಿಯೇ ಒಂದು ಟ್ರಕ್ಕಿನಿಂದ ಆರಂಭಿಸಿದರೆಂಬದನ್ನು ಆ ಭಾಗದ ತರುಣರೆಲ್ಲ ಬಲ್ಲರು.

ದಂಡಿನ ವಾಹನವು ಸಂಸಾರಸ್ಥರ ಕೈಗೆ ಬರುವ ಪದ್ಧತಿಯೂ ಹಳೆಯದೇ. ಎರಡನೆಯ ಮಹಾಯುದ್ಧದಲ್ಲಿ ಅಮೇರಿಕೆಯು ಜೀಪುಗಳನ್ನೇ ಆರು ಲಕ್ಷಕ್ಕೆ ಮಿಕ್ಕಿ ತಯಾರಿಸಿತು. ೧೯೪೫ರಲ್ಲಿ ಯುದ್ಧ ಮುಗಿಯಲು, ಅವನ್ನು ಮರಳಿ ಒಯ್ಯುವ ಖರ್ಚೇ ಹೆಚ್ಚೆಂದು ಕಂಡು, ಇದ್ದಲ್ಲಿಯೇ ಮಾರಿದರು. ಫಿಲಿಪೈನ್ಸ್ ದ್ವೀಪಗಳ ಜನರು ಆ ಜೀಪುಗಳ ಹಿಂಭಾಗವನ್ನು ಉದ್ದಮಾಡಿ, ಮೇಲೆ ಛತ್ತು ಹಾಕಿ, ಬಣ್ಣ ಬಳಿದು ಜನರನ್ನು ಸಾಗಿಸತೊಡಗಿದರು. ಆ ದೇಶದ ಪ್ರಸಿದ್ಧ ಜೀಪ್ನಿ ಹುಟ್ಟಿದ್ದು ಹೀಗೆ. ನಮ್ಮ ದೇಶದಲ್ಲಿಯೂ ಆಗ ಮಿಕ್ಕುಳಿದ ದಂಡಿನ ಟ್ರಕ್ಕುಗಳು ಲಾರಿಗಳಾಗಿ, ಬಸ್ಸುಗಳಾಗಿ ಬಹು ವರ್ಷ ದುಡಿದವು. ಮುಂದೆ ನಮ್ಮ ಸೈನ್ಯಕ್ಕೆ ಜಬಲಪುರದ ಕಾರಖಾನೆಯಲ್ಲಿ ಜರ್ಮನಿಯ ಮಾನ್ ಕಂಪನಿಯ ಪರವಾನಿಗೆಯಿಂದ ಶಕ್ತಿಮಾನ್ ಎಂಬ ಟ್ರಕ್ಕು ತಯಾರಾಗತೊಡಗಿತು. ಅದರ ತಯಾರಿಕೆಯು ೧೯೯೦ರ ದಶಕದಲ್ಲಿ ನಿಂತು, ಅಶೋಕ ಲೇಲ್ಯಾಂಡದ ಸ್ಟ್ಯಾಲಿಯನ್ ಅದರ ಸ್ಥಾನಕ್ಕೆ ಬಂದಿತು. ಹಳೆಯ ವಾಹನಗಳ ಪೇಟೆಯಲ್ಲಿ ಕಾಣಸಿಗುವ ದಂಡಿನ ಟ್ರಕ್ಕುಗಳಲ್ಲಿ ಇವೇ ಮುಖ್ಯವಾದವು.

ಇನ್ನು ಕಾಯದೆಯ ವಿಚಾರ. ದಂಡಿನ ಟ್ರಕ್ಕಿನ ಮೇಲೆ ನಮ್ಮ ಗಾಡಿಗಳಂತೆ ರಾಜ್ಯದ ಅಕ್ಷರವಿರುವದಿಲ್ಲ. ಮೇಲ್ಮೊಗವಾದ ಒಂದು ಬಾಣದ ಗುರುತೂ ಸೈನ್ಯದ ಸಂಖ್ಯೆಯೂ ಇರುವವು. ೧೯೮೮ರ ಮೋಟಾರು ವಾಹನಗಳ ಕಾಯದೆಯ ೬೦ನೆಯ ಕಲಮಿನಂತೆ, ದೇಶರಕ್ಷಣೆಗಾಗಿ ಇರುವ ಕೇಂದ್ರ ಸರಕಾರದ ವಾಹನಗಳನ್ನು ಸೈನ್ಯದ ಅಧಿಕಾರಿಗಳೇ ನೋಂದಿಸಿಕೊಳ್ಳುವರು. ಅವಕ್ಕೆ ಬೇರೆ ನೋಂದಣಿ ಬೇಡ. ಆದರೆ ಈ ಸವಲತ್ತು ವಾಹನವು ಸರಕಾರದ ಸ್ವತ್ತಾಗಿರುವವರೆಗೆ ಮಾತ್ರ. ಅದು ಸರಕಾರದ ಕೈಬಿಟ್ಟ ಗಳಿಗೆಯಿಂದ ಉಳಿದೆಲ್ಲ ವಾಹನಗಳ ನಿಯಮವೇ ಅದಕ್ಕೂ ಹತ್ತುವದು. ಎಂದ ಮೇಲೆ ಲಿಲಾವಿನಲ್ಲಿ ಕೊಂಡ ಟ್ರಕ್ಕು, ಇಂಜಿನು ಎಷ್ಟೇ ಸೊಗಸಾಗಿ ನಡೆಯುತ್ತಿದ್ದರೂ, ಹೊಸ ನೋಂದಣಿಯಾಗುವತನಕ ಸಾರ್ವಜನಿಕ ರಸ್ತೆಯ ಮಟ್ಟಿಗೆ ಬರಿಯ ಕಬ್ಬಿಣವೇ ಸರಿ. ಡಿಪೋದಿಂದ ಮನೆಗೆ ತರುವಾಗಲೂ ಅದನ್ನು ಬೇರೊಂದು ವಾಹನದ ಮೇಲೆ ಹೇರಿ ತರಬೇಕು, ಇಲ್ಲವೆ ೪೩ನೆಯ ಕಲಮಿನಂತೆ ತಾತ್ಕಾಲಿಕ ನೋಂದಣಿ ಪಡೆದಿರಬೇಕು.

ಲಿಲಾವಿನಲ್ಲಿ ಕೊಂಡವರಿಗಾಗಿ ೧೯೮೯ರ ಕೇಂದ್ರ ಮೋಟಾರು ವಾಹನಗಳ ನಿಯಮಗಳಲ್ಲಿ ೫೭ನೆಯ ನಿಯಮವಿರುವದು. ವಾಹನವು ಕೈಗೆ ಬಂದ ೩೦ ದಿವಸಗಳೊಳಗೆ ೩೨ನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕು. ಅರ್ಜಿಯ ಸಂಗಡ, ಲಿಲಾವು ನಡೆಸಿದ ಅಧಿಕಾರಿಯು ಸಹಿಮಾಡಿ ಕೊಂಡವರ ಹೆಸರಿಗೆ ಮಾರಾಟವನ್ನು ಕಾಯಂ ಮಾಡಿದ ಹುಕುಮನ್ನೂ, ಆ ಲಿಲಾವಿಗೆ ಸರಕಾರವು ಕೊಟ್ಟ ಅಪ್ಪಣೆಯ ದೃಢೀಕರಿಸಿದ ನಕಲನ್ನೂ, ವಿಮೆಯ ಪತ್ರವನ್ನೂ ಇಡಬೇಕು. ವಾಹನಕ್ಕೆ ನೋಂದಣಿಯ ಸಂಖ್ಯೆಯೇ ಇಲ್ಲದಿದ್ದರೆ, ಕಚೇರಿಯವರು ಮೊದಲು ಲಿಲಾವು ಮಾಡಿದ ಇಲಾಖೆಯ ಹೆಸರಿನಲ್ಲಿ ಹೊಸ ಸಂಖ್ಯೆ ಕೊಟ್ಟು, ಬಳಿಕ ಅದನ್ನು ಕೊಂಡವರ ಹೆಸರಿಗೆ ತಿರುಗಿಸುವರು. ಗದಗ ಜಿಲ್ಲೆಯ ವಾಹನಗಳ ಗುರುತು ಕೆಎ ೨೬. ನಮ್ಮ ಪತ್ರಲೇಖಕರು ವಿಚಾರಿಸಬೇಕಾದದ್ದು ಗದಗಿನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ.

ಇಲ್ಲಿಯೇ ಮೊದಲನೆಯ ಗಂಡಾಂತರವಿರುವದು. ಇಲಾಖೆಯು ವಾಹನಗಳನ್ನು ಎರಡು ಬಗೆಯಾಗಿ ಮಾರಬಹುದು: ನಡೆಯುವ ವಾಹನವೆಂದು ಒಂದು, ಗುಜರಿಯೆಂದು ಇನ್ನೊಂದು. ಗುಜರಿಯೆಂದು ಮಾರಿದ್ದಕ್ಕೆ ಕೊಟ್ಟ ಪಾವತಿಯು ಕಬ್ಬಿಣವನ್ನು ಕೊಂಡದ್ದಕ್ಕೆ ಪುರಾವೆಯೇ ಹೊರತು ವಾಹನವನ್ನು ಕೊಂಡದ್ದಕ್ಕಲ್ಲ. ಅಂಥ ಟ್ರಕ್ಕನ್ನು ಜಾಣ ಮಿಸ್ತ್ರಿಯು ನಡೆಯುವಂತೆ ಮಾಡಬಲ್ಲನು. ಆದರೆ ಅದನ್ನು ಕಾಯದೆಯಂತೆ ನಡೆಸುವ ಹಕ್ಕನ್ನು ಆತನು ತಯಾರಿಸಲಾರನು. ಆದ್ದರಿಂದ ವ್ಯಾಪಾರಿಯು ತೋರಿಸುವ ಪತ್ರದಲ್ಲಿ ಯಾವ ಶಬ್ದವಿರುವದು, ಅದರಲ್ಲಿಯ ಚೆಸಿ ಸಂಖ್ಯೆ ಹಾಗೂ ಇಂಜಿನು ಸಂಖ್ಯೆಗಳು ಗಾಡಿಯ ಮೇಲೆ ಹೊಡೆದ ಸಂಖ್ಯೆಗಳಿಗೆ ಅಕ್ಷರಶಃ ಕೂಡುವವೋ ಇಲ್ಲವೋ ಎಂಬದನ್ನು ಮೊದಲು ನೋಡತಕ್ಕದ್ದು.

ಎರಡನೆಯದು ವಯಸ್ಸಿನ ಗಂಡಾಂತರ. ೧೫ ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿಯು ೨೦೨೩ನೆಯ ಇಸವಿ ಏಪ್ರಿಲ್ ೧ರಿಂದ ರದ್ದಾಗಿ, ಅವು ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಗಬೇಕೆಂಬ ನಿಯಮವಾಗಿರುವದು. ದೇಶರಕ್ಷಣೆಯ ಕಾರ್ಯಾಚರಣೆಗೆ ಉಪಯೋಗಿಸುವ ವಿಶೇಷ ವಾಹನಗಳನ್ನು ಈ ನಿಯಮದಿಂದ ಬಿಟ್ಟಿರುವರು ನಿಜ. ಆದರೆ ಆ ಬಿಡುಗಡೆಯು ಸೈನ್ಯದ ಕೆಲಸಕ್ಕಾಗಿ, ನಮ್ಮ ಮೆಣಸಿನಕಾಯಿ ಚೀಲಗಳಿಗಾಗಿ ಅಲ್ಲ. ಇದಲ್ಲದೆ ೨೦೨೦ರ ಏಪ್ರಿಲ್ ೧ರಿಂದ ಹೊಸದಾಗಿ ನೋಂದಿಸುವ ವಾಹನಗಳಿಗೆ ಹೊಗೆಯ ವಿಷಯದಲ್ಲಿ ಭಾರತ್ ಸ್ಟೇಜ್ ೬ ಎಂಬ ಕಟ್ಟುನಿಟ್ಟಿನ ಮಾನವು ಬಂದಿರುವದು. ಹಳೆಯ ಟ್ರಕ್ಕಿನ ಇಂಜಿನಿಗೆ ಆ ಮಾನವನ್ನು ಮುಟ್ಟುವದು ಸಾಧ್ಯವಿಲ್ಲ. ಆದ್ದರಿಂದ ಇಂಥ ವರ್ಷದ, ಇಂಥ ಸಂಖ್ಯೆಯ, ಇಂಥ ಪತ್ರವುಳ್ಳ ವಾಹನವನ್ನು ನೋಂದಿಸಿಕೊಳ್ಳಲಾಗುವದೋ ಎಂದು ಕಚೇರಿಗೆ ಬರಹದ ಅರ್ಜಿ ಕೊಟ್ಟು, ಬರಹದಲ್ಲಿಯೇ ಉತ್ತರ ಪಡೆಯಬೇಕು. ಅಂಗಡಿಕಟ್ಟೆಯ ಮೇಲೆ ಕುಳಿತ ದಲಾಲನು ‘ಎಲ್ಲ ಆಗ್ತದ, ನೀವು ಸುಮ್ಮನಿರ್ರಿ’ ಎನ್ನುವ ಮಾತು ಉತ್ತರವಲ್ಲ.

ಮೂರನೆಯದು ಹೆಸರಿನ ಗಂಡಾಂತರ. ಲಿಲಾವಿನ ಹುಕುಮು ವ್ಯಾಪಾರಿಯ ಹೆಸರಿನಲ್ಲಿರುವದು. ಆತನು ನೋಂದಿಸದೆಯೇ ಇನ್ನೊಬ್ಬನಿಗೆ, ಆ ಇನ್ನೊಬ್ಬನು ಮತ್ತೊಬ್ಬನಿಗೆ ಮಾರಿದರೆ, ಕೊನೆಯವನ ಕೈಯಲ್ಲಿ ಉಳಿಯುವದು ಬಿಳಿ ಕಾಗದದ ಮೇಲಿನ ಕರಾರು ಮಾತ್ರ. ವ್ಯಾಪಾರಿಯೇ ಮೊದಲು ತನ್ನ ಹೆಸರಿಗೆ ನೋಂದಣಿ ಮಾಡಿಸಿ, ಬಳಿಕ ೨೯ ಮತ್ತು ೩೦ನೆಯ ನಮೂನೆಗಳಿಂದ ತಮ್ಮ ಹೆಸರಿಗೆ ತಿರುಗಿಸಿಕೊಡಲಿ. ಅಥವಾ ತಾವೇ ನೇರವಾಗಿ ಲಿಲಾವಿನಲ್ಲಿ ಕೊಳ್ಳಿರಿ. ಮೊದಲು ಈ ಮಾರಾಟಗಳನ್ನು ನೋಡಿಕೊಳ್ಳುತ್ತಿದ್ದ ಸರಕಾರದ ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯವು ೨೦೧೭ರಲ್ಲಿ ಮುಚ್ಚಿತು. ಈಗ ಸರಕಾರದ್ದೇ ಆದ ಎಂಎಸ್‌ಟಿಸಿ ಕಂಪನಿಯು ತಂತಿಜಾಲದ ಮೂಲಕ ಲಿಲಾವು ನಡೆಸುವದು. ಅಲ್ಲಿ ಮಾಲು ಇದ್ದಲ್ಲಿ, ಇದ್ದಂತೆ ಮಾರಾಟವಾಗುವದು. ಕೂಗುವ ಮುನ್ನ ಹೋಗಿ ನೋಡಲು ಅವಕಾಶವುಂಟು, ಕೊಂಡ ಮೇಲೆ ತಕರಾರಿಗೆ ಅವಕಾಶವಿಲ್ಲ.

‘ನಮ್ಮ ಸ್ವಂತದ ಮಾಲಿಗಷ್ಟೇ ಉಪಯೋಗಿಸುವೆವು, ಬಾಡಿಗೆಗೆ ಬಿಡುವದಿಲ್ಲ, ಆದ್ದರಿಂದ ಪರವಾನಿಗೆ ಬೇಡ’ ಎಂದು ಪತ್ರದಲ್ಲಿ ಬರೆದಿರುವರು. ಇದು ಸರಿಯಲ್ಲ. ಸರಕು ಸಾಗಿಸುವ ವಾಹನವು ಒಡೆಯನ ಸರಕನ್ನೇ ಹೊತ್ತರೂ ಸಾರಿಗೆ ವಾಹನವೇ. ಭಾರ ಸಹಿತವಾದ ಅದರ ಒಟ್ಟು ತೂಕವು ೩,೦೦೦ ಕಿಲೋ ಮೀರಿದರೆ ೬೬ನೆಯ ಕಲಮಿನಂತೆ ಪರವಾನಿಗೆ ಬೇಕು. ಅದರ ಜೊತೆಗೆ ಯೋಗ್ಯತಾ ಪತ್ರ, ತೆರಿಗೆ, ವಿಮೆ, ಹೊಗೆಯ ಪರೀಕ್ಷೆಯ ಪತ್ರ ಇವೂ ಬೇಕು. ಎಂಟು ವರ್ಷ ಮೀರಿದ ಗಾಡಿಗೆ ಯೋಗ್ಯತಾ ಪತ್ರವನ್ನು ವರ್ಷಕ್ಕೊಮ್ಮೆ ಪಡೆಯಬೇಕು. ನಡೆಸುವವರಿಗೆ ಆ ತೂಕಕ್ಕೆ ತಕ್ಕ ಲೈಸೆನ್ಸು ಬೇಕು. ಹಗುರ ವಾಹನದ ಲೈಸೆನ್ಸಿನ ಮಿತಿಯು ೭,೫೦೦ ಕಿಲೋ, ದಂಡಿನ ದೊಡ್ಡ ಟ್ರಕ್ಕುಗಳು ಅದನ್ನು ಮೀರಿದವು. ಬಣ್ಣದ ವಿಷಯವಾಗಿ ಕೂಡ ನಿಯಮವುಂಟು: ಸೈನ್ಯದ ಆ ಹಸಿರು ಬಣ್ಣವನ್ನು ಬೇರೆ ಯಾರೂ ತಮ್ಮ ವಾಹನಕ್ಕೆ ಇಟ್ಟುಕೊಳ್ಳಕೂಡದೆಂದು ೧೨೧ನೆಯ ನಿಯಮವು ಹೇಳುವದು. ಕೊಂಡ ಟ್ರಕ್ಕಿಗೆ ಬೇರೆ ಬಣ್ಣ ಬಳಿಯಲೇಬೇಕು. ಬಳಿಯುವಾಗ ಚೆಸಿ ಸಂಖ್ಯೆಯು ಮುಚ್ಚದಂತೆ ನೋಡಿರಿ. ಅದರ ಪೆನ್ಸಿಲ್ ಅಚ್ಚನ್ನು ಅರ್ಜಿಗೆ ಹಚ್ಚಬೇಕಾಗುವದು. ಆ ಸಂಖ್ಯೆಯ ಹತ್ತಿರ ಅರ ಹಾಕಿದರೂ ಬೆಸುಗೆ ಹಾಕಿದರೂ ಕಳವಿನ ಗಾಡಿಯೆಂಬ ಸಂಶಯಕ್ಕೆ ಎಡೆಯಾಗುವದು. ಇಂಜಿನು ಬದಲಿಸುವದಕ್ಕಾಗಲಿ, ಹಿಂದಿನ ಪೆಟ್ಟಿಗೆಯನ್ನು ಬೇರೆ ರೀತಿಯಾಗಿ ಕಟ್ಟಿಸುವದಕ್ಕಾಗಲಿ ಕಚೇರಿಯ ಒಪ್ಪಿಗೆಯನ್ನು ಮೊದಲೇ ಪಡೆಯತಕ್ಕದ್ದು.

ಕಾಗದಗಳ ವಿಚಾರವು ತೀರಿದ ಮೇಲೆಯೇ ದುರಸ್ತಿಯ ವಿಚಾರ. ಪತ್ರಲೇಖಕರ ತಮ್ಮಂದಿರಿಗೆ ಇದನ್ನು ನಾವು ಕಲಿಸಬೇಕಾದದ್ದಿಲ್ಲ. ಆದರೆ ಮನೆಯವರಿಗೆ ಖರ್ಚಿನ ಅಂದಾಜು ತಿಳಿಯಲೆಂದು ಹೇಳುವೆವು. ಬಹು ದಿನ ನಿಂತ ಟ್ರಕ್ಕಿಗೆ ಬ್ಯಾಟರಿ ಹಚ್ಚಿ ಒಮ್ಮೆಲೆ ಚಾಲೂ ಮಾಡುವದು ಮೂರ್ಖತನ. ಮೊದಲು ಇಂಜಿನನ್ನು ಕೈಯಿಂದ ತಿರುಗಿಸಿ, ಒಳಗಿನ ಭಾಗಗಳು ಹಿಡಿದುಕೊಂಡಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಹಳೆಯ ಎಣ್ಣೆಯನ್ನು ಪೂರ್ತಿ ಬಸಿದು ಹೊಸದನ್ನು ತುಂಬಬೇಕು. ಡೀಸಲ್ ಟಾಕಿಯ ತಳದಲ್ಲಿ ನೀರೂ ತುಕ್ಕೂ ಕೂಡಿರುವವು. ಅದನ್ನು ತೊಳೆಯದೆ ನಡೆಸಿದರೆ ಆ ಕಸವು ಪಂಪಿಗೆ ಸೇರಿ, ಎಲ್ಲಕ್ಕಿಂತ ಬೆಲೆಯುಳ್ಳ ಭಾಗವನ್ನೇ ಕೆಡಿಸುವದು. ಟಾಕಿ ತೊಳೆದ ಬಳಿಕ ನಳಿಗೆಗಳಲ್ಲಿ ಸೇರಿದ ಗಾಳಿಯನ್ನು ಹೊರಗೆ ಬಿಡದಿದ್ದರೆ ಇಂಜಿನು ಏಳುವದಿಲ್ಲ.

ಬ್ರೇಕಿನ ರಬ್ಬರುಗಳು ವರ್ಷಗಟ್ಟಲೆ ನಿಂತು ಗಟ್ಟಿಯಾಗಿರುವವು. ಕಣ್ಣಿಗೆ ಚೆನ್ನಾಗಿ ಕಂಡರೂ ಅವೆಲ್ಲವನ್ನೂ ಬದಲಿಸಬೇಕು. ಬ್ರೇಕಿನ ದ್ರವವು ಗಾಳಿಯಲ್ಲಿಯ ತೇವವನ್ನು ಹೀರುವ ಸ್ವಭಾವದ್ದು. ಹಳೆಯದಾದಷ್ಟೂ ಅದು ಒಳಗಿನ ಕಬ್ಬಿಣವನ್ನು ತಿನ್ನುವದು, ಇಳಿಜಾರಿನಲ್ಲಿ ಕಾದಾಗ ಕುದಿದು ಕೈಕೊಡುವದು. ಹಳೆಯ ಗಾಡಿಗಳ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಸೇರಿರುವ ಸಂಭವವುಂಟು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಗಾಳಿಯ ಪಂಪಿನಿಂದ ಊದಿ ಸ್ವಚ್ಛ ಮಾಡಕೂಡದು, ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹಾಕಬೇಕು. ಮಕ್ಕಳನ್ನು ಆ ಕಡೆಗೆ ಸುಳಿಯಗೊಡಬಾರದು.

ಗಾಲಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಇಂಥ ಟ್ರಕ್ಕುಗಳ ಗಾಲಿಯು ಹಲವು ಸಲ ಎರಡು ತುಂಡಿನದಾಗಿದ್ದು, ಟಾಯರನ್ನು ಒಂದು ಉಕ್ಕಿನ ಬಳೆಯು ಹಿಡಿದಿರುವದು. ತುಕ್ಕು ಹಿಡಿದ ಬಳೆಯು ಸರಿಯಾಗಿ ಕೂಡ್ರದೆ ಇದ್ದಾಗ ಗಾಳಿ ತುಂಬಿದರೆ ಅದು ತೋಪಿನ ಗುಂಡಿನಂತೆ ಸಿಡಿದು ಎದುರಿಗಿದ್ದವನ ಪ್ರಾಣವನ್ನು ತೆಗೆಯುವದು. ಬಿಚ್ಚುವ ಮುನ್ನ ಗಾಳಿಯನ್ನು ಪೂರ್ತಿ ಬಿಡಬೇಕು. ತುಂಬುವಾಗ ಗಾಲಿಯನ್ನು ಕಬ್ಬಿಣದ ಪಂಜರದೊಳಗಿಟ್ಟು, ಉದ್ದ ನಳಿಗೆಯಿಂದ, ಬಳೆಯ ಎದುರಿಗೆ ನಿಲ್ಲದೆ ತುಂಬಬೇಕು. ಅಂಗಳದಲ್ಲಿ ನೆರೆಹೊರೆಯವರನ್ನು ಕೂಡಿಸಿಕೊಂಡು ಮಾಡತಕ್ಕ ಕೆಲಸವಲ್ಲ. ಟಾಯರಿನ ಪಕ್ಕದ ಮೇಲೆ ನಾಲ್ಕು ಅಂಕಿಗಳಿರುವವು. ಮೊದಲಿನ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ಇಸವಿಯನ್ನೂ ತೋರಿಸುವವು. ಎಷ್ಟೇ ಹಲ್ಲಿದ್ದರೂ ಮುದಿ ಟಾಯರನ್ನು ನಂಬಕೂಡದು.

ದಂಡಿನ ಟ್ರಕ್ಕುಗಳ ವಿದ್ಯುತ್ತು ಬಹುತೇಕ ೨೪ ವೋಲ್ಟಿನದು. ೧೨ ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುವರು. ಅದರಲ್ಲಿ ಒಂದರಿಂದಷ್ಟೇ ತಂತಿಯೆಳೆದು ಬೇರೆ ದೀಪಗಳನ್ನು ಉರಿಸಿದರೆ ಎರಡೂ ಬೇಗನೆ ಕೆಡುವವು. ಮರೆಮಾಚುವ ಸಣ್ಣ ದೀಪಗಳು ಯುದ್ಧಕ್ಕೆ ಸರಿ, ಹುಬ್ಬಳ್ಳಿಯ ರಸ್ತೆಗೆ ಸಾಲವು. ಪೂರ್ಣ ದೀಪಗಳೂ, ಬೆಳಕಿಗೆ ಹೊಳೆಯುವ ಪಟ್ಟಿಗಳೂ ಇಲ್ಲದೆ ಯೋಗ್ಯತಾ ಪತ್ರವು ಸಿಕ್ಕದು. ಮುಂದಿನ ಗಾಲಿಗಳಿಗೆ ಬಲ ಕೊಡುವ ಹಿಡಿಕೆಯನ್ನು ಕೆಸರಿನಲ್ಲಿ ಮಾತ್ರ ಹಾಕಬೇಕು. ತಿರುವಿನಲ್ಲಿ ಮುಂದಿನ ಗಾಲಿಗಳೂ ಹಿಂದಿನ ಗಾಲಿಗಳೂ ಬೇರೆ ಬೇರೆ ದೂರ ಉರುಳುವವು. ಮೆತ್ತನ್ನ ನೆಲದಲ್ಲಿ ಆ ವ್ಯತ್ಯಾಸವು ಜಾರಿ ಹೋಗುವದು, ಡಾಂಬರಿನ ಮೇಲೆ ಜಾರಲು ಎಡೆಯಿಲ್ಲದೆ ಇರಸು ಹಲ್ಲುಗಳನ್ನೇ ಮುರಿಯುವದು. ಇನ್ನು ಬಿಡಿಭಾಗಗಳು. ತಯಾರಿಕೆಯೇ ನಿಂತ ಶಕ್ತಿಮಾನಿಗೆ ಹಳೆಯ ಗಾಡಿಗಳಿಂದ ಬಿಚ್ಚಿದ ಭಾಗಗಳೇ ಗತಿ. ಹಂಗಾಮಿನ ನಡುವೆ ಒಂದು ಹಲ್ಲು ಮುರಿದರೆ ತಿಂಗಳುಗಟ್ಟಲೆ ನಿಲ್ಲಬಹುದು.

ಇಷ್ಟೆಲ್ಲ ಕಟ್ಟಳೆಯು ಹಳ್ಳಿಯ ಮನೆಗೆ ಯಾಕೆ ಬೇಕು, ನಾಲ್ಕು ಮೈಲು ಓಡಿಸುವದಕ್ಕೆ ಯಾರು ಕೇಳುವರು ಎಂದು ಅನ್ನುವವರಿರುವರು. ನೋಂದಣಿಯಿಲ್ಲದೆ ಓಡಿಸಿದ್ದಕ್ಕೆ ಮೊದಲ ಸಲ ೨,೦೦೦ದಿಂದ ೫,೦೦೦ ರೂಪಾಯಿಗಳವರೆಗೆ ದಂಡ. ಎರಡನೆಯ ಸಲ ೧೦,೦೦೦ದವರೆಗೆ ದಂಡ, ಇಲ್ಲವೆ ಒಂದು ವರ್ಷದವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಆದರೆ ನಿಜವಾದ ಭಯವು ದಂಡದ್ದಲ್ಲ. ನೋಂದಣಿಯಿಲ್ಲದ ಗಾಡಿಗೆ ನಿಲ್ಲುವಂಥ ವಿಮೆ ಸಿಕ್ಕದು. ಶಾಲೆಗೆ ಹೊರಟ ಕೂಸೊಂದಕ್ಕೆ, ಸಂತೆಗೆ ಹೊರಟ ಮುದುಕನಿಗೆ ಆ ಟ್ರಕ್ಕು ತಾಕಿತೆಂದರೆ, ಪರಿಹಾರದ ಹಣವನ್ನು ವಿಮಾ ಕಂಪನಿಯು ಕೊಡುವದಿಲ್ಲ, ಒಡೆಯನೇ ಕೊಡಬೇಕು. ಆತನಲ್ಲಿ ರೊಕ್ಕವಿಲ್ಲದಿದ್ದರೆ ಹೊಲದ ಮೇಲೆ, ಮನೆಯ ಮೇಲೆ ಜಪ್ತಿ ಬರುವದು. ಕಳಕೊಂಡವರ ಮನೆಗಾದರೂ ನ್ಯಾಯವು ತಡವಾಗಿ, ಅರೆಪಾಲಾಗಿ ಮುಟ್ಟುವದು. ಪುಸ್ತಕದಲ್ಲಿ ಯಾರ ಹೆಸರಿರುವದೋ ಅವರೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಸ್ಪಷ್ಟವಾಗಿ ಹೇಳಿರುವದು. ಆದ್ದರಿಂದ ಮುಂದೆ ಆ ಗಾಡಿಯನ್ನು ಮಾರಿದಾಗಲೂ ಹೆಸರು ತಿರುಗಿತೋ ಇಲ್ಲವೋ ಎಂದು ನೋಡುವದು ಮಾರಿದವರದೇ ಕೆಲಸ.

ಈಗ ನಮ್ಮ ಅಭಿಪ್ರಾಯ. ಅಣ್ಣನವರು ಬೇಡವೆನ್ನಬೇಕಾಗಿಲ್ಲ, ಮೂರು ಶರತ್ತುಗಳ ಮೇಲೆ ಆಗಲೆನ್ನಬಹುದು. ಒಂದು, ವಾಹನವು ಗುಜರಿಯಲ್ಲವೆಂಬ ಮಾರಾಟದ ಹುಕುಮು ಕಣ್ಣಿಗೆ ಕಾಣಬೇಕು. ಎರಡು, ನೋಂದಣಿಯಾಗುವದೆಂದು ಗದಗಿನ ಕಚೇರಿಯಿಂದ ಬರಹದ ಉತ್ತರ ಬರಬೇಕು. ಮೂರು, ಇವೆರಡೂ ಕೈಸೇರುವತನಕ ವ್ಯಾಪಾರಿಗೆ ಮುಂಗಡವೆಂದು ಒಂದು ರೂಪಾಯಿಯನ್ನೂ ಕೊಡಕೂಡದು. ಈ ಶರತ್ತುಗಳನ್ನು ತಮ್ಮನವರು ಅವಮಾನವೆಂದು ಎಣಿಸಲಾರರು. ಕಾಗದವಿಲ್ಲದೆ ಒಂದು ತಿರುಪನ್ನೂ ಉಗ್ರಾಣದಿಂದ ಹೊರಗೆ ಬಿಡದ ದಂಡಿನಲ್ಲಿ ದುಡಿದು ಬಂದವರು ಅವರು. ಬಂಗಾರವನ್ನು ಒತ್ತೆಯಿಡುವ ಮಾತನ್ನು ಮಾತ್ರ ಪೂರ್ಣವಾಗಿ ಬಿಟ್ಟುಬಿಡಿರಿ. ಕೊಂಡ ಕಿಮ್ಮತ್ತು ಈ ಕೆಲಸದಲ್ಲಿ ಮೊದಲನೆಯ ಖರ್ಚೇ ಹೊರತು ಕೊನೆಯದಲ್ಲ. ಟಾಯರು, ಬ್ರೇಕು, ಬಣ್ಣ, ತೆರಿಗೆ, ವಿಮೆ ಇವುಗಳ ಅಂದಾಜನ್ನು ತಮ್ಮನವರ ಕೈಯಿಂದಲೇ ಬರೆಯಿಸಿ, ಕಿಮ್ಮತ್ತಿಗೆ ಕೂಡಿಸಿ ನೋಡಿರಿ. ಆ ಮೊತ್ತದಲ್ಲಿ ಪೂರ್ಣ ಕಾಗದಗಳುಳ್ಳ ಸಾಧಾರಣ ಹಳೆಯ ಟ್ರಕ್ಕಾಗಲಿ, ಎರೆಹೊಲಕ್ಕೆ ಹೇಳಿಮಾಡಿಸಿದಂತಿರುವ ಟ್ರ್ಯಾಕ್ಟರಾಗಲಿ ಬರುವದಿದ್ದರೆ ಅದೇ ಮೇಲು. ಮೇಲಾಗಿ, ಸೈನ್ಯದಲ್ಲಿ ಕಲಿತ ಕೈಗೆ ಟ್ರಕ್ಕು ಕೊಳ್ಳುವದೊಂದೇ ದಾರಿಯಲ್ಲ. ಹುಲಕೋಟಿಯ ರಸ್ತೆಗೆ ಹತ್ತಿ ಒಂದು ದುರಸ್ತಿಯ ಕಾರಖಾನೆಯನ್ನಿಟ್ಟರೆ ಊರವರ ಗಾಡಿಗಳೇ ಅವರ ಬಾಗಿಲಿಗೆ ಬರುವವು.

ಕಡೆಯದಾಗಿ, ಇಂಥ ವಾಹನವನ್ನು ಈಗಾಗಲೇ ಕೊಂಡು ಹಿತ್ತಲಲ್ಲಿ ನಿಲ್ಲಿಸಿಕೊಂಡಿರುವ ವಾಚಕರಿಗೆ ಒಂದು ಮಾತು. ಪತ್ರಗಳಿದ್ದರೆ ಇಂದೇ ಕಚೇರಿಗೆ ಹೋಗಿ ವಿಚಾರಿಸಿರಿ; ತಡವಾದಷ್ಟೂ ತೊಡಕು ಹೆಚ್ಚು. ಪತ್ರಗಳಿಲ್ಲದಿದ್ದರೆ, ಹಬ್ಬದ ದಿನದ ಮಟ್ಟಿಗೆ ಎಂದಾದರೂ ಅದನ್ನು ರಸ್ತೆಗಿಳಿಸಬೇಡಿರಿ. ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಬಂದಷ್ಟು ಹಣವನ್ನು ಪಡೆದು, ರಸೀತಿಯನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಡಿರಿ.